ಎರಡು ತಟ್ಟು

"ಸ್ಪೀಕರ್ ಹತ್ರ ನಿಂತಿದ್ದು ಯಾರು ನೋಡೇ, ಕುಡ್ಕೊಂಡು ಬಂದಿರ್ಬೇಕು," ಎಂದಳು ಪಕ್ಕದಲ್ಲಿ ಕೂತಿದ್ದ ಬ್ಯಾಂಕಿನ ಗೆಳತಿ ರೇಖಾ. ಅಂಕಿತಾ ತಿರುಗಿ ನೋಡಿದಳು. ಅಪ್ಪ.

ಮುರ್ಡೇಶ್ವರದ ಕಡಲಂಚಿನ ಆ ರೆಸಾರ್ಟಿನಲ್ಲಿ ಇನ್ನೂ ಹೊತ್ತು ಮುಳುಗಿರಲಿಲ್ಲ. ಗೋವಾದಿಂದ ಬಂದ ನಾಲ್ವರು, ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನಲ್ಲಿ ಕೂದಲು ಬೆನ್ನಿಗೆ ಇಳಿಬಿಟ್ಟವರು, ಐವತ್ತು ವರ್ಷ ಹಳೆಯ ಇಂಗ್ಲಿಷ್ ರಾಕ್ ಹಾಡುಗಳನ್ನು ಮೈಮೇಲೆ ಬಂದವರಂತೆ ಬಾರಿಸುತ್ತಿದ್ದರು. ಅಂಕಿತಾಳ ಬ್ಯಾಂಕಿನವರಿಗೆಲ್ಲ ಮನೆಮಂದಿ ಸಮೇತ ಪಾಸು ಸಿಕ್ಕಿತ್ತು. "ಅಪ್ಪಂಗೆ ಎಂತ ಕೇಳ್ತದೆ ಅಂದೇಳಿ ಕರ್ಕಂಡ್ ಹೋಗ್ತೆ ಮಗಾ?" ಎಂದು ಅಮ್ಮ ಗಂಗೆ ಕೇಳಿದ್ದಳು. ಅಪ್ಪ ತಿಮ್ಮ ಮಾತ್ರ ನಾಲ್ಕು ಗಂಟೆಗೇ ಇಸ್ತ್ರಿ ಅಂಗಿ ತೊಟ್ಟು ಜಗಲಿಯಲ್ಲಿ ತಯಾರಾಗಿ ಕೂತಿದ್ದ.

ಬಂದವಳೇ ಅಂಕಿತಾ ಇಬ್ಬರನ್ನೂ ಹಿಂದಿನ ಸಾಲಿನಲ್ಲಿ ಕೂರಿಸಿ, "ಒಂದ್ನಿಮಿಷ ಬಂದೆ" ಎಂದು ಮುಂದೆ ಹೋಗಿ ಬ್ಯಾಂಕಿನವರ ಜೊತೆ ಕೂತುಬಿಟ್ಟಿದ್ದಳು. ಅಪ್ಪ ಅಮ್ಮನೂ ಬಂದಿದ್ದಾರೆಂದು ಯಾರಿಗೂ ಹೇಳಿರಲಿಲ್ಲ. ಅಪ್ಪ ಮಾತಾಡಿದರೆ ಊರಿಗೆಲ್ಲ ಕೇಳುತ್ತದೆ, ಅದಕ್ಕೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು.

ಮೂವತ್ತು ವರ್ಷ ಮೀನಿನ ಬೋಟಿನ ಎಂಜಿನ್ ಪಕ್ಕ ಕೂತು ತಿಮ್ಮ ಕಿವಿ ಕಳೆದುಕೊಂಡಿದ್ದ. ಆ ಗದ್ದಲದಲ್ಲಿ ಮಾತು ನಡೆಯುವುದಿಲ್ಲ, ಬೆನ್ನು ತಟ್ಟಿಯೇ ಹೇಳಬೇಕು. ಒಂದು ತಟ್ಟಿದರೆ ಓಡಿಸು, ಎರಡು ತಟ್ಟಿದರೆ ನಿಲ್ಲಿಸು. ಎರಡಕ್ಕೆ ಯಾಕೆಂದು ಕೇಳುವ ಹಾಗಿಲ್ಲ. ಬಲೆ ಬೋಟಿನಡಿ ನೀರಲ್ಲಿ ತಿರುಗುವ ಫ್ಯಾನಿಗೆ ಸುತ್ತಿರಬಹುದು, ಯಾರೋ ನೀರಿಗೆ ಬಿದ್ದಿರಬಹುದು. ಕಿವಿ ಹೋದ ಮೇಲೆ ಮನೆಯಲ್ಲೂ ಅದೇ ರೂಢಿಯಾಯಿತು. ಅಪ್ಪ ಹಾವಿನ ಮೇಲೆ ಕಾಲಿಡುವುದರಲ್ಲಿದ್ದ ಒಂದು ದಿನ ಬಿಟ್ಟರೆ ಅಂಕಿತಾ ಎಂದೂ ಎರಡು ತಟ್ಟಿದವಳಲ್ಲ.

"ನಾನು ನೋಡಿ ಬರ್ತೇನೆ," ಎಂದು ಅವಳು ಎದ್ದಳು, ಯಾರನ್ನೋ ಹೊರಗೆ ಕಳಿಸಲು ಹೊರಟವಳ ಹಾಗೆ. ನಮ್ಮಪ್ಪ ಎನ್ನಲು ಎಷ್ಟು ಹೊತ್ತು ಬೇಕಿತ್ತು?

ತಿಮ್ಮ ಆಳೆತ್ತರದ ಸ್ಪೀಕರಿಗೆ ಎರಡೂ ಅಂಗೈ ಊರಿ, ಕಣ್ಣು ಮುಚ್ಚಿ ತಲೆ ತೂಗುತ್ತಿದ್ದ. ತಾಳ ಒಂದಿಷ್ಟೂ ತಪ್ಪಿರಲಿಲ್ಲ. ಕಣ್ಣು ತೆರೆದು ಮಗಳನ್ನು ಕಂಡವನ ಮುಖ ಅರಳಿತು. "ಮಗಾ, ಇಲ್ ಕೈ ಇಡು. ಆರ್ ಸಿಲಿಂಡರ್ ಎಂಜಿನ್ ಇದ್ದಂಗೆ ಅದೆ. ನಂಗೆ ಪೂರಾ ಕೇಳ್ತದೆ."

ಹಾಡು ಆಗಷ್ಟೇ ನಿಂತಿತ್ತು. ಅಷ್ಟೂ ಜನಕ್ಕೆ ಅವನ ಮಾತು ಕೇಳಿತು. ಯಾರೋ ನಕ್ಕರು, ಇನ್ಯಾರೋ ಸೀಟಿ ಹೊಡೆದರು. ಅಂಕಿತಾ ಹಿಂದಿನಿಂದ ಹೋಗಿ ಅವನ ಬೆನ್ನಿಗೆ ಎರಡು ತಟ್ಟಿದಳು.

ತಿಮ್ಮ ತಕ್ಷಣ ಕೈ ತೆಗೆದ. ಕಾಲಬುಡ ನೋಡಿಕೊಂಡ, ದೂರದಲ್ಲಿ ಕೂತ ಗಂಗೆಯನ್ನು ನೋಡಿದ. ಎಲ್ಲೂ ಏನೂ ಆಗಿರಲಿಲ್ಲ. ಆಮೇಲೆ ಅವನ ಕಣ್ಣು ಮುಂದಿನ ಸಾಲಿಗೆ ಹೋಯಿತು. ಅಲ್ಲಿ ರೇಖಾ ನಗುತ್ತಾ ಅಂಕಿತಾಳಿಗೆ ಹೆಬ್ಬೆರಳೆತ್ತಿ ತೋರಿಸುತ್ತಿದ್ದಳು. ಬದುಕಿಡೀ ಕೈಸನ್ನೆಯಲ್ಲೇ ಕೆಲಸ ಮಾಡಿದವನಿಗೆ ಅದನ್ನು ಬಿಡಿಸಿ ಹೇಳಬೇಕಿರಲಿಲ್ಲ. ಹಿಂದಿನ ಸಾಲಿಗೆ ಹೋಗಿ, ಕೈಗಳನ್ನು ಮಂಡಿಗಳ ನಡುವೆ ಸೇರಿಸಿ ಕೂತ.

ಅಂಕಿತಾಳಿಗೆ ನೆಲ ಬಿರಿಯಬಾರದೇ ಅನ್ನಿಸಿತು. ಈ ಸಲ ನಾಚಿಕೆಯಾದದ್ದು ಅಪ್ಪನಿಂದಲ್ಲ. ರೇಖಾಳ ಕಡೆ ಹೋಗದೆ ಬಂದು ಅವನ ಪಕ್ಕ ಕೂತಳು. ಮುಂದಿನ ಹಾಡು ಶುರುವಾದಾಗ ಬೆನ್ನಿಗೆ ಒಂದು ತಟ್ಟಿ ಸ್ಪೀಕರ್ ಕಡೆ ಕೈ ತೋರಿಸಿದಳು. ತಿಮ್ಮ ಬೇಡವೆಂಬಂತೆ ತಲೆಯಾಡಿಸಿ ಏನೋ ಹೇಳಿದ. ಗಿಟಾರಿನ ಅಬ್ಬರದಲ್ಲಿ ಕೇಳಲಿಲ್ಲ ಅಂದುಕೊಂಡಳು.

ಹಾಡು ಮುಗಿಯಿತು. ಅಲೆಗಳ ಸದ್ದು ಸ್ಪಷ್ಟವಾಗಿ ಕೇಳತೊಡಗಿತು. ಅಂಕಿತಾ ಮತ್ತೆ ಒಂದು ತಟ್ಟಿದಳು. ತಿಮ್ಮ ಅವಳತ್ತ ತಿರುಗಿ ಮತ್ತೆ ಅದನ್ನೇ ಹೇಳಿದ. ಈಗಲೂ ಕೇಳಲಿಲ್ಲ.

"ಅಪ್ಪಂದು ಸ್ವರ ಎಂತಕ್ಕೆ ಬರೂದಿಲ್ಲ?" ಎಂದಳು ಗಂಗೆ.

ಅಂಕಿತಾ ಅವನ ಬೆನ್ನ ಮೇಲಿಟ್ಟ ಕೈಯನ್ನು ತೆಗೆಯದೆ ಆ ತುಟಿಗಳನ್ನೇ ನೋಡಿದಳು. ಯಾರಿಗೂ ಕೇಳದ ಹಾಗೆ ಸ್ವರ ಹೊರಡಿಸದೆ, ನಿಧಾನವಾಗಿ, ಅವು ಮೂರನೆಯ ಸಲ ಹೇಳುತ್ತಿದ್ದವು: ಆತು ಮಗಾ, ನೀ ಮುಂದೆ ಹೋಗಿ ಕೂತ್ಕ.