ಇಪ್ಪತ್ತಮೂರು ಮುಖಗಳ ಜನಸಾಗರ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆ ಸಿಟ್ಟು ಇಲ್ಲದಿದ್ದರೆ ೧೯೮೭ರ ಆ ಶನಿವಾರ ನಾನು ಅಷ್ಟು ಜನರನ್ನು ಓಡಾಡಿಸುತ್ತಲೂ ಇರಲಿಲ್ಲ, ಮೈಸೂರು ನೋಡುತ್ತಲೂ ಇರಲಿಲ್ಲ.

ಆಗ ನಾನು ಮಧುಗಿರಿಯಲ್ಲಿ ಕೊನೆಯ ವರ್ಷದ ಬಿ.ಎ. ಓದುತ್ತಿದ್ದೆ. ಕೊಡಿಗೇನಹಳ್ಳಿ ಪಕ್ಕದ ನಮ್ಮ ಗೊಲ್ಲರಹಟ್ಟಿಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವುದು. ಪತ್ರಿಕೋದ್ಯಮ ಪಾಠ ಮಾಡುತ್ತಿದ್ದ ಜಯರಾಮಯ್ಯ ಮೇಷ್ಟ್ರು ಒಂದು ದಿನ ಸುದ್ದಿ ತಂದರು. ಮೈಸೂರಿನಲ್ಲಿ ಹದಿನೈದು ದಿನದ ವಿಡಿಯೊ ಶಿಬಿರ, ನಮ್ಮ ಕಾಲೇಜಿನಿಂದ ಒಬ್ಬರಿಗೆ ಮಾತ್ರ ಜಾಗ. ಒಂದು ವಿಡಿಯೊ ಹಾಡನ್ನು ಬಿಡಿಸಿ ನೋಡಿ ಯಾರು ಒಳ್ಳೆಯ ಸೆಮಿನಾರ್ ಕೊಡುತ್ತಾರೋ ಅವರ ಹೆಸರು ಹೋಗುತ್ತದೆ. ಶಿಬಿರದಲ್ಲಿ ಕ್ಯಾಮೆರಾ ಕೈಗೇ ಕೊಡುತ್ತಾರಂತೆ. ಅಯ್ಯೋ ದೇವರೇ, ಕೈಗೇ! ನನಗೆ ಆ ರಾತ್ರಿ ಊಟ ಸೇರಲಿಲ್ಲ.

ನಾನು ಲೈಬ್ರರಿಯ ಎರಡು ಪುಸ್ತಕ ಗುಡ್ಡೆ ಹಾಕಿಕೊಂಡು ಹನ್ನೆರಡು ಪುಟ ಬರೆದೆ. ಮೇಷ್ಟ್ರು ಓದಿ ಹಾಳೆಗಳನ್ನು ಮೇಜಿನ ಮೇಲಿಟ್ಟರು.

"ಗೌರಕ್ಕ, ಇದೆಲ್ಲ ಆ ಪುಸ್ತಕದವರು ಕಂಡಿದ್ದು. ನೀನು ಕಂಡಿದ್ದು ಎಲ್ಲಮ್ಮ? ಪರದೆಗೊಂದು ಚೌಕಟ್ಟಿದೆ. ಅದು ಏನು ತೋರಿಸುತ್ತೆ ಅನ್ನೋದು ಸರಿ, ಏನು ಮುಚ್ಚಿಡುತ್ತೆ ಅಂತ ನೋಡು. ಆಮೇಲೆ ಕೊನೆಯ ಹಾಳೇಲಿ ಆಧಾರ ಬರೆಯೋದು ಮರೀಬೇಡ. ಯಾರಿಂದ ಏನು ಪಡೆದೆ ಅನ್ನೋದು ಅಲ್ಲಿರಬೇಕು."

ನೋಡೋಣ ಎಂದರೆ ಟಿವಿ ಎಲ್ಲಿದೆ? ಬಸ್ ಸ್ಟ್ಯಾಂಡಿನ ಹಿಂದೆ ಓಬಳಯ್ಯನ ವಿಡಿಯೊ ಅಂಗಡಿ ಇತ್ತು. ಅವನ ಹತ್ತಿರ ಒಂದು ಇಂಗ್ಲಿಷ್ ಹಾಡಿನ ಕ್ಯಾಸೆಟ್ ಇತ್ತು. ಹೆಣ್ಣುಹುಡುಗಿ ಒಬ್ಬಳೇ ಅಲ್ಲಿಗೆ ಹೋಗುವುದೇನು ಎಂದು ಅವ್ವ ಕೂಗಾಡಿ, ಕಾವಲಿಗೆ ಅಜ್ಜಿಯನ್ನು ಕಳಿಸಿದಳು. ನಮ್ಮಜ್ಜಿ ಕರಿಯಕ್ಕ ಹುಟ್ಟಿದಾಗಿನಿಂದ ಕುರಿಯ ಹಿಂದೆ ನಡೆದವಳು, ಸಿನಿಮಾ ಕೂಡ ನೋಡಿದವಳಲ್ಲ. ಎಲೆಅಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ಓಬಳಯ್ಯನ ಬೆಂಚಿನ ಮೇಲೆ ಕಾಲು ಮಡಿಸಿ ಕೂತಳು.

ಹಾಡು ಶುರುವಾಯಿತು. ರೈಲ್ವೆ ಸ್ಟೇಷನ್ನು. ಬಿಳೀ ಕೋಟು, ಹಳದಿ ಕೈಗವಸು ಹಾಕಿದ ಗಾಯಕ ಕುಣಿಯುತ್ತಾ ಬರುತ್ತಾನೆ. ಹಿಂದೆ ನಾಲ್ಕು ಜನ, ಆಮೇಲೆ ಹತ್ತು, ಕೊನೆಗೆ ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹೋಗಿ ಮುಗಿಯದಷ್ಟು ಜನ. ನನ್ನ ಮೈಯೆಲ್ಲ ಜುಮ್ಮೆಂದಿತು. ಪುಸ್ತಕ ತೆಗೆದು 'ಜನಸಾಗರ' ಎಂದು ಬರೆದುಕೊಂಡೆ.

ಮೂರನೇ ಸಲ ಹಾಕಿದಾಗ ಅಜ್ಜಿ ಎಲೆಗೆ ಸುಣ್ಣ ಸವರುತ್ತಾ ಅಂದಳು, "ಅವ್ರನ್ನೇ ಎಷ್ಟ್ ಸಲ ತಿರುಗುಸ್ತಾನೆ ಇವ್ನು? ಪಾಪ, ಸುಸ್ತಾಗಕ್ಕಿಲ್ವಾ ಅವ್ಕೆ?"

"ಅವರನ್ನೇ ಅಲ್ಲ ಕಣಜ್ಜಿ, ಬೇರೆ ಬೇರೆ ಜನ. ಸಾವಿರ ಜನ ಅವ್ರೆ."

"ಎಲ್ಲವ್ರೆ? ಆ ಎಡಗಾಲು ಎಳೆದಾಕೋಳು ಮೊದ್ಲು ಕೆಂಪಂಗೀಲಿ ಬಂದ್ಲು, ಆಮೇಲೆ ಟೋಪಿ ಇಕ್ಕೊಂಡ್ ಬಂದ್ಲು. ಈಗ ಕೊಡೆ ಹಿಡ್ಕಂಡವ್ಳೆ. ಮೊಖ ಅದೇ ಅಲ್ವೇನೆ?"

"ನಿಂಗೇನ್ ಗೊತ್ತಾಯ್ತದೆ, ಸುಮ್ಕಿರು!" ಎಂದು ರೇಗಿದೆ. ನನ್ನ ಜನಸಾಗರಕ್ಕೆ ಕಲ್ಲು ಹಾಕಲು ಬಂದಳಲ್ಲ ಎಂದು ಸಿಟ್ಟು.

ಅಜ್ಜಿ ಬೇಜಾರು ಮಾಡಿಕೊಳ್ಳಲಿಲ್ಲ. "ಬೈಗೊತ್ಗೆ ಕುರಿ ರೊಪ್ಪಕ್ಕೆ ನುಗ್ತವಲ್ಲ, ಬಾಗ್ಲಲ್ಲಿ ನಿಂತ್ಕಂಡು ನಾನೇನ್ ನೋಡ್ತೀನಿ? ಮೊಖ ತಾನೆ? ಮೈ ಬಣ್ಣ ನೋಡುದ್ರೆ ಮೋಸ ಓಯ್ತೀವಿ ಕಣೆ. ಉಣ್ಣೆ ಕತ್ರಿಸುದ್ ಮ್ಯಾಲೆ ಎಲ್ಲಾ ಒಂದೇ."

ಓಬಳಯ್ಯ ನಗುತ್ತಾ ಹಾಡನ್ನು ನಿಲ್ಲಿಸಿ ನಿಲ್ಲಿಸಿ ತೋರಿಸಿದ. ಕೊಡೆಯವಳು, ಟೋಪಿಯವಳು, ಕೆಂಪಂಗಿಯವಳು. ಅದೇ ಗಲ್ಲ, ಅದೇ ಎಳೆಯುವ ಎಡಗಾಲು! ಸಂಜೆ ಬಸ್ಸಿನವರೆಗೂ ಕೂತು ಒಂದೊಂದೇ ಮುಖ ಬರೆದುಕೊಂಡೆ. ಇಡೀ ಜನಸಾಗರದಲ್ಲಿ ಇದ್ದದ್ದು ಇಪ್ಪತ್ತಮೂರು ಜನ. ಚೌಕಟ್ಟಿನ ಈ ಕಡೆಯಿಂದ ಹೋಗಿ, ಬಟ್ಟೆ ಬದಲಾಯಿಸಿ, ಆ ಕಡೆಯಿಂದ ಬಂದಿದ್ದರು. ಉಳಿದದ್ದು ಚಿತ್ರ ಕತ್ತರಿಸಿ ಜೋಡಿಸುವವರ ಕೆಲಸ, ನಮ್ಮ ಕಣ್ಣಿನ ಕೆಲಸ.

ಸೆಮಿನಾರಿಗೆ ಹೊಸದಾಗಿ ಬರೆದೆ. ಕೊನೆಯ ಹಾಳೆಯ ಆಧಾರದಲ್ಲಿ ಎರಡು ಪುಸ್ತಕಗಳ ಹೆಸರು ಹಾಕಿದೆ. ಅಜ್ಜಿಯ ಹೆಸರು ಹಾಕಲಿಲ್ಲ. ಕುರಿ ಕಾಯುವ ಮುದುಕಿಯ ಹೆಸರು ಹಾಕಿದರೆ ನಗುತ್ತಾರೆ ಎಂದು ನಾಚಿಕೆಯಾಯಿತು. ನಿಜ ಹೇಳುವುದಕ್ಕೇನು, ಹಾಗೇ ಆಯಿತು.

ಶನಿವಾರ ಅಜ್ಜಿಯೂ ಜೊತೆಗೆ ಬಂದಳು. ನನ್ನ ತರಗತಿಯ ಹೊರಗೆ ಜಗಲಿಯ ಮೆಟ್ಟಿಲ ಮೇಲೆ ಕೂತಳು. ಓಬಳಯ್ಯ ಟಿವಿ, ವಿಸಿಆರ್ ತಂದು ಜೋಡಿಸಿದ. ನಾನು ಹಾಡು ಹಾಕಿದೆ. ಎಲ್ಲರೂ ಬಾಯಿಬಿಟ್ಟುಕೊಂಡು ನೋಡಿದರು.

"ಇದರಲ್ಲಿ ಇರೋದು ಇಪ್ಪತ್ತಮೂರೇ ಜನ ಸಾರ್" ಎಂದೆ.

ತರಗತಿ ಗೊಳ್ಳೆಂದಿತು. ಮೇಷ್ಟ್ರೂ ನಕ್ಕು, "ಸಾವಿರ ಜನ ಕಾಣ್ತಾರಲ್ಲಮ್ಮ. ತೋರಿಸು" ಎಂದರು.

ತೋರಿಸಲು ಕ್ಯಾಸೆಟ್ ಹಿಂದಕ್ಕೆ ತಿರುಗಿಸುತ್ತಿದ್ದೆ, ಕರೆಂಟ್ ಹೋಯಿತು! ಹತ್ತು ನಿಮಿಷ ಕಾದೆವು. ಬರಲಿಲ್ಲ. ಮೇಷ್ಟ್ರು ಗಡಿಯಾರ ನೋಡಿಕೊಂಡು, "ಹನ್ನೆರಡಕ್ಕೆ ಹೆಸರು ಟಪಾಲಿಗೆ ಹಾಕಬೇಕು. ಮುಂದಿನವರು ಬರಲಿ" ಎಂದರು.

ನನಗೆ ಬಂತು ನೋಡಿ ಸಿಟ್ಟು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ! "ಸಾರ್, ಐದು ನಿಮಿಷ ಕೊಡಿ. ಆ ಬಾಗಿಲನ್ನೇ ಟಿವಿ ಅಂತ ತಿಳ್ಕೊಳ್ಳಿ. ಅದರಾಚೆ ಹೋಗೋ ಜನರನ್ನ ಎಣಿಸಿ" ಎಂದು ಹೊರಗೆ ಓಡಿದೆ.

ಪಕ್ಕದ ಕೋಣೆಯಲ್ಲಿ ಪಿಯುಸಿಯವರು ಪಾಠವಿಲ್ಲದೆ ಗಲಾಟೆ ಮಾಡುತ್ತಿದ್ದರು. ನಮ್ಮ ಮೇಷ್ಟ್ರಿಗೆ ಅವರ ಗುರುತಿಲ್ಲ. ಹತ್ತು ಜನರನ್ನು ಎಳೆದುಕೊಂಡೆ. "ಬಾಗಿಲ ಮುಂದೆ ಹೋಗಿ, ಕಟ್ಟಡ ಸುತ್ತಿ, ಬಟ್ಟೆ ಬದಲಾಯಿಸಿಕೊಂಡು ಮತ್ತೆ ಬನ್ನಿ. ಮೂರು ಸುತ್ತು. ಓಡ್ರೋ!" ನನ್ನ ನೀಲಿ ಶಾಲು, ಯಾರದೋ ಸ್ವೆಟರು, ಓಬಳಯ್ಯನ ಟವೆಲು, ಅಜ್ಜಿಯ ಕಂಬಳಿ, ಎಲ್ಲ ಕೈಯಿಂದ ಕೈಗೆ ಹಾರಿದವು. ಹುಡುಗರು ನಗು ತಡೆದುಕೊಂಡು, ಏದುಸಿರು ಬಿಡುತ್ತಾ ತಿರುಗಿದರು. ನಾನು ಮೂಲೆಯಲ್ಲಿ ನಿಂತು "ಬೇಗ, ಬೇಗ" ಎಂದು ಕುಣಿಯುತ್ತಿದ್ದೆ.

ಒಳಗೆ ಹೋಗಿ ಕೇಳಿದೆ, "ಎಷ್ಟು ಜನ ಸಾರ್?"

ಮೇಷ್ಟ್ರು ಗೀಟು ಹಾಕಿಕೊಂಡಿದ್ದ ಹಾಳೆ ನೋಡಿ, "ಇಪ್ಪತ್ತೊಂಬತ್ತು" ಎಂದರು.

"ಹತ್ತೇ ಜನ ಸಾರ್! ಮೂರು ಸುತ್ತು. ಮೂವತ್ತಾಗಬೇಕು, ನೀವು ಒಂದು ತಪ್ಪಿಸಿದ್ರಿ!"

ತರಗತಿಯೆಲ್ಲ ಹೋ ಎಂದು ಚಪ್ಪಾಳೆ ಹೊಡೆಯಿತು. ಅಷ್ಟರಲ್ಲಿ ಬಾಗಿಲಲ್ಲಿ ಅಜ್ಜಿ ನಿಂತಿದ್ದಳು.

"ಮೇಷ್ಟ್ರು ತಪ್ಸಿಲ್ಲ ಕಣೆ ಗೌರಿ. ಆ ಗುಂಗುರುಗೂದ್ಲವ್ನು ಕೊನೇ ಸಲ ಬರ್ನಿಲ್ಲ. ನಿನ್ ನೀಲಿ ಶಾಲು ಒದ್ಕಂಡಿದ್ನಲ್ಲ, ಅವ್ನೇಯ."

ಒಬ್ಬ ಓಡಿ ಹೋಗಿ ನೋಡಿದ. ಗುಂಗುರುಗೂದಲಿನವನು ನನ್ನ ಶಾಲು ಹೊದ್ದು ಕ್ಯಾಂಟೀನಿನಲ್ಲಿ ಬೋಂಡಾ ತಿನ್ನುತ್ತಿದ್ದನಂತೆ! ನಗು ನಿಲ್ಲುವುದಕ್ಕೆ ಎರಡು ನಿಮಿಷ ಬೇಕಾಯಿತು.

ಮೇಷ್ಟ್ರು ಮಾತ್ರ ನಗಲಿಲ್ಲ. ಎದ್ದು ಅಜ್ಜಿಯ ಹತ್ತಿರ ಬಂದರು. "ಅಮ್ಮ, ಆ ಹಾಡು ನೀವೂ ನೋಡಿರಬೇಕು. ಅದರಲ್ಲಿ ಎಷ್ಟು ಜನ ಇದ್ದರು, ನೀವು ಹೇಳಿ."

"ನಾನೇಳಕ್ಕಿಲ್ಲ ಸಾಮಿ. ಉಸಿರಾಡೋ ಜೀವನ ಬಾಯ್ಬುಟ್ಟು ಎಣಿಸ್ಬಾರ್ದು, ದಿಷ್ಟಿ ಆಯ್ತದೆ. ಯಾರ್ ಬಂದ್ರು, ಯಾರ್ ಬರ್ನಿಲ್ಲ, ಅಷ್ಟೇ ನಾವ್ ನೋಡೋದು."

ಮೇಷ್ಟ್ರು ನನ್ನ ಕಡೆ ತಿರುಗಿದರು. "ಹಾಡಿನ ಈ ಗುಟ್ಟು ನಿನಗೆ ಹೊಳೆದಿದ್ದೇನಮ್ಮ?"

ಹೂಂ ಎಂದಿದ್ದರೆ ಮುಗಿದಿತ್ತು. ಅಲ್ಲ ಎಂದರೆ ಮೈಸೂರು ಹೋಯಿತು, ಕ್ಯಾಮೆರಾ ಹೋಯಿತು. ಅಜ್ಜಿ ತನ್ನ ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಳ್ಳುತ್ತಿದ್ದಳು. ನಾನು ಅವಳನ್ನು ಮುಚ್ಚಿಟ್ಟಿದ್ದೆ ಎಂಬುದು ಅವಳಿಗೆ ಗೊತ್ತೂ ಇರಲಿಲ್ಲ. ನನ್ನ ಮೇಲೆಯೇ ನನಗೆ ಅಂಥ ಸಿಟ್ಟು ಯಾವತ್ತೂ ಬಂದಿರಲಿಲ್ಲ.

"ಅಲ್ಲ ಸಾರ್. ಇವಳು ಕಂಡಿದ್ದು. ನಾನು ಸುಮ್ಮನಿರು ಅಂತ ಬೈದಿದ್ದೆ."

ಕಣ್ಣಲ್ಲಿ ನೀರು ಬಂದುಬಿಟ್ಟಿತು. ಕೊನೆಯ ಹಾಳೆ ತೆಗೆದು, ಎರಡು ಪುಸ್ತಕಗಳ ಮೇಲೆ, ಎಲ್ಲಕ್ಕಿಂತ ಮೊದಲು ಬರೆದೆ: ಕರಿಯಕ್ಕ, ಕುರಿ ಕಾಯುವವರು. ಮೇಷ್ಟ್ರು ಅದನ್ನು ಓದಿ, ಉಳಿದವರ ಸೆಮಿನಾರನ್ನೂ ಕೇಳಿ ಮುಗಿಸಿ, ಟಪಾಲಿನ ಹಾಳೆಯಲ್ಲಿ ನನ್ನ ಹೆಸರು ತುಂಬಿದರು. ನಾನು ಕಿರುಚಿದ್ದು ಕ್ಯಾಂಟೀನಿಗೆ ಕೇಳಿಸಿತಂತೆ.

ಮೈಸೂರಿಗೆ ಹೊರಟ ದಿನ ಬಸ್ಸು ಹತ್ತುವ ಮೊದಲು ಅಜ್ಜಿ ಎರಡೂ ಕೈಯಲ್ಲಿ ನನ್ನ ಗಲ್ಲ ಹಿಡಿದು, ತುಂಬ ಹೊತ್ತು ನೋಡಿದಳು.

"ಏನಜ್ಜಿ ಅಂಗ್ ನೋಡ್ತೀಯ, ಬಸ್ ಒಂಟೋಯ್ತದೆ!"

"ಓಗು, ಓಗು. ಮೊಖ ನೋಡ್ಕಂಡಿವ್ನಿ" ಎಂದಳು. "ಅಲ್ಲಿ ಏನ್ ಬಟ್ಟೆ ಆಕ್ಕಂತೀಯೋ ಆಕ್ಕೋ. ಬಾಗ್ಲಲ್ಲೇ ನಿಂತಿರ್ತೀನಿ."