ಭಾಷಣದ ಕೊನೆಯ ಸಾಲು

ಬ್ಯಾಡಗಿಯ ಮನೆಯಂಗಳದಲ್ಲಿ ಮುಮ್ತಾಜಬಿ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ಬಿಸಿಲೇರುವುದರೊಳಗೆ ಚೀಲ ಖಾಲಿಯಾಗಬೇಕಿತ್ತು. ಅಷ್ಟರಲ್ಲಿ ಮಗಳ ಶಾಲೆಯ ವಿಜಯಮಹಾಂತೇಶ ಸರ್ ಬೈಕು ನಿಲ್ಲಿಸಿ, ಬಾಗಿಲಲ್ಲೇ ನಿಂತು ಸೀನಿದರು.

"ಬ್ಯಾಡಗ್ಯಾಗ ಹುಟ್ಟಿ ಮೆಣಸಿನಕಾಯಿಗೆ ಸೀನತೀರಲ್ರಿ ಸರ್. ಒಳಗ ಬರ್ರಿ."

"ಇಲ್ಲೇ ಛಲೋ ಐತ್ರಿ. ಸಿಮ್ರಾನಳ ಭಾಷಣದ್ದೊಂದು ಮಾತಿತ್ತು."

ಮಧ್ಯಾಹ್ನ ಹಾವೇರಿಯಲ್ಲಿ ಸ್ಪರ್ಧೆ. ಒಂದು ಶಾಲೆಗೆ ಇಬ್ಬರು. ಸಿಮ್ರಾನ ಮತ್ತು ಅವಳ ಗೆಳತಿ ಪ್ರಿಯಾಂಕಾ. ಅಣುಬಾಂಬು ಬೇಡವೆಂದು ಜಗತ್ತಿನ ಯಾವುದಾದರೂ ಒಂದು ಸೀಮೆಯ ದೇಶಗಳೆಲ್ಲ ಕೂಡಿ ಒಪ್ಪಿಕೊಂಡರೆ ನಮ್ಮ ಸರಕಾರ ಅದನ್ನು ಬೆಂಬಲಿಸುತ್ತದೆ ಎಂಬುದು ವಿಷಯ. ಸಿಮ್ರಾನ ಕೊನೆಗೊಂದು ಪ್ರಶ್ನೆಯನ್ನು ತಾನೇ ಬರೆದು ಸೇರಿಸಿದ್ದಳು: ದೂರದವರಿಗೆ ಒಳ್ಳೆಯದಾದದ್ದು ನಮಗೂ ಪಾಕಿಸ್ತಾನಕ್ಕೂ ಯಾಕೆ ಬೇಡ?

"ಪ್ರಶ್ನೆ ಭಾಳ ಛಲೋ ಐತಿ," ಎಂದರು ಸರ್. "ಅದೊಂದು ಸಾಲು ಪ್ರಿಯಾಂಕಾ ಹೇಳ್ಲಿ ಅಂತ."

"ಬರದಾಕಿ ಸಿಮ್ರಾನ ಅಲ್ರಿ?"

"ಖರೇ. ಆದ್ರ ಕೇಳೋ ಮಂದಿ ಬ್ಯಾರೆ ತಿಳ್ಕೊಂತಾರ. ಮೊಬೈಲಿನ್ಯಾಗ ಹಿಡದು ಬಿಡ್ತಾರ. ನಿಮ್ಮ ಒಳ್ಳೇದಕ್ಕ ಹೇಳಾಕತ್ತೇನಿ."

ಮುಮ್ತಾಜಬಿಯ ಕೈಯಲ್ಲಿದ್ದ ಕಾಯಿ ತೊಟ್ಟಿನ ಬದಲು ನಡುವೆಯೇ ಮುರಿದು ಬೀಜ ಚೆಲ್ಲಿತು. ಒಳ್ಳೆಯದಕ್ಕೆ! ಮಗಳು ನಡೆಯಲು ಕಲಿತಂದಿನಿಂದ ತಾನೂ ಅದನ್ನೇ ಹೇಳುತ್ತ ಬಂದಿದ್ದಳು. ಮೆಲ್ಲಗೆ ಮಾತಾಡು, ಕ್ರಿಕೆಟ್ ಇದ್ದ ದಿನ ಹೊರಗೆ ನಿಲ್ಲಬೇಡ, ಯಾರೇನೇ ಅಂದರೂ ನಕ್ಕುಬಿಡು. ಈಗಲೂ ಅದೇ ಮಾತು ನಾಲಿಗೆಯ ತುದಿಗೆ ಬಂದಿತ್ತು. ಸಿಟ್ಟು ಸರ್ ಮೇಲೋ ತನ್ನ ಮೇಲೋ ತಿಳಿಯಲಿಲ್ಲ.

ಎರಡು ಜಡೆ ಹಾಕಿಕೊಂಡು ಸಿಮ್ರಾನ ಹೊಸ್ತಿಲಿಗೆ ಬಂದು ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದ ಅವಳ ಕಣ್ಣುಗಳು ತುಂಬಿದ್ದವು. ಒರೆಸಲೆಂದು ತಾಯಿ ಎದ್ದುಹೋಗಿ ಕೈ ಚಾಚಿದವಳು, ಖಾರದ ಬೆರಳು ಕಂಡು ಹಿಂದಕ್ಕೆಳೆದು, ಮೊಣಕೈಯಿಂದಲೇ ಮಗಳ ಕೆನ್ನೆ ತಡವಿದಳು.

"ಹೂಂ ಅನ್ನು ಸಿಮ್ರಾನ," ಎಂದರು ಸರ್. "ಬಸ್ಸಿಗೆ ಹೊತ್ತಾತು."

ಹುಡುಗಿ ತಾಯಿಯತ್ತ ನೋಡಿದಳು. ಮುಮ್ತಾಜಬಿ ಸರ್ ಕಡೆ ತಿರುಗಿದಳು. ಮಗಳ ಪಕ್ಕಕ್ಕೇ ನಿಂತಳು.

"ಅಕಿ ಕೇಳಿದ್ರ ಅದು ಪ್ರಶ್ನೆ," ಎಂದಳು ಸಿಮ್ರಾನ. "ನಾ ಕೇಳಿದ್ರ ಏನ್ರಿ, ಸರ್?"