ಗಟ್ಟಿ ಮರ ಸಿಗುವ ತನಕ

ಮಳೆಯಲ್ಲಿ ನೆಂದ ಕುರಿಯ ವಾಸನೆ, ಬಾಗಿಲು ತೆಗೆದ ಕೂಡಲೇ, ಕುರಿಗಳೆಲ್ಲ ಅತ್ತ ಕಲ್ಲುಗೋಡೆಯಾಚೆ ಮೇಯುತ್ತಿವೆ, ಇದು ಒಳಗೆ ಎಲ್ಲಿಂದ ಬಂತು, ಕಾರಿನ ಹಿಂದೆ ಕಟ್ಟಿ ಎಳೆಯುವ ಮನೆಗಾಡಿ, ಐದು ತಿಂಗಳು ಮುಚ್ಚಿಟ್ಟ ಕ್ಯಾರವಾನ್ ಅಂದಮೇಲೆ ಸ್ವಲ್ಪ ಮುಗ್ಗಲು ಇದ್ದೇ ಇರುತ್ತದೆ, ಕಿಟಕಿ ತೆರೆದರೆ ಹೋಗುತ್ತದೆ, ಪ್ರತಿ ಮಾರ್ಚ್‌ನಲ್ಲೂ ಹೀಗೇ ಅಲ್ಲವೇ, ಇಲ್ಲ, ಹೀಗಿರಲಿಲ್ಲ, ತೇವ ಹೀರಲಿ ಎಂದು ಉಪ್ಪಿನ ಹರಳು ಹಾಕಿಟ್ಟ ನಾಲ್ಕು ಬಟ್ಟಲೂ ತುಂಬಿ ನೆಲಕ್ಕೆ ಚೆಲ್ಲಿವೆ, ಮುಂದಿನ ಸೀಟಿನ ಮೆತ್ತೆಯ ಅಡಿಯಲ್ಲಿ ಕಪ್ಪು ಚುಕ್ಕಿಗಳು, ಒರೆಸಿದರೆ ಬೆರಳಿಗೆ ಅಂಟುತ್ತವೆ, ಏನಾಯ್ತೇ ಬೆರಿಲ್, ಅಲ್ಲೇ ನಿಂತ್ಬಿಟ್ಯಲ್ಲ, ನನ್ನ ಗಂಡ ನೋರಿಸ್ ಕಾರಿನೊಳಗಿಂದಲೇ ಕೂಗುತ್ತಾನೆ, ಗಾಜು ಇಳಿಸಿದ್ದಾನೆ, ಈ ಚಳಿಗಾಳಿಯಲ್ಲಿ ಇಳಿಸಬೇಡ ಎಂದು ಎಷ್ಟು ಸಲ ಹೇಳುವುದು, ಮೊಣಕಾಲ ಮೇಲೆ ಕಂಬಳಿ, ಮೂಗಿನಲ್ಲಿ ಕೊಳವೆ, ಕಾಲುಗಳ ನಡುವೆ ಆಮ್ಲಜನಕದ ಸಿಲಿಂಡರ್, ನಲವತ್ತು ವರ್ಷ ಊರವರ ಮನೆಗಳಿಗೆಲ್ಲ ಮರದ ಮೆಟ್ಟಿಲು ಮಾಡಿಕೊಟ್ಟವನು, ಈಗ ಮೂರು ಮೆಟ್ಟಿಲು ಹತ್ತಿದರೆ ತುಟಿ ನೀಲಿ, ಮರದ ಪುಡಿ ಎದೆಯೊಳಗೆ ಮನೆ ಮಾಡಿದೆ ಎಂದರು ಡಾಕ್ಟರು, ಅದಕ್ಕೆ ಇವನು, ಒಳ್ಳೇ ಓಕ್ ಮರದ್ದೇ ಇರ್ಬೇಕು, ಅಗ್ಗದ ಮರ ನಾನು ಮುಟ್ಟಿದವನೇ ಅಲ್ಲ.

ಸೂಜಿ ಚುಚ್ಚೇ, ಚುಚ್ಚಿ ನಂಬರ್ ಹೇಳು, ಕೈಯಲ್ಲಿದೆ ತೇವ ಅಳೆಯುವ ಪುಟ್ಟ ಯಂತ್ರ, ತುದಿಗೆ ಎರಡು ಸೂಜಿ, ದಾರಿಯುದ್ದಕ್ಕೂ ಬಾಯಿಪಾಠ ಮಾಡಿಸಿದ್ದಾನೆ, ಹದಿನೈದರ ಕೆಳಗೆ ಇದ್ದರೆ ಚಿಂತೆ ಬೇಡ, ಇಪ್ಪತ್ತು ದಾಟಿದರೆ ಎಲ್ಲೋ ನೀರು ಸೇರುತ್ತಿದೆ, ಮೂವತ್ತು ದಾಟಿದರೆ ಗೋಡೆಯೊಳಗಿನ ಮರ ಕೊಳೆಯುತ್ತಿದೆ, ಶಾಲೆಯ ಅಡುಗೆಮನೆಯಲ್ಲಿ ಇನ್ನೂರು ಮಕ್ಕಳಿಗೆ ಕಸ್ಟರ್ಡ್ ಗಂಟಾಗದ ಹಾಗೆ ಕಲಕುವುದು ನನಗೆ ಗೊತ್ತು, ಇದೆಲ್ಲ ಅವನ ಕೆಲಸವಾಗಿತ್ತು, ಕಿಟಕಿಯ ಕೆಳಗೆ ಚುಚ್ಚಿದೆ, ಮೂವತ್ತೆಂಟು, ತೆಗೆದು ಇನ್ನೊಂದು ಕಡೆ ಚುಚ್ಚಿದೆ, ನಲವತ್ತೊಂದು, ಎಷ್ಟು ಅಂತ ಹೇಳೇ, ನಾನಿನ್ನೂ ಬದುಕಿದೀನಿ, ಹದಿನಾಲ್ಕು ಎಂದೆ, ನನ್ನ ಬಾಯಿಯೇ ಹೇಳಿತು, ನಾನು ಹೇಳಲಿಲ್ಲ, ಹದಿನಾಲ್ಕಾ, ಪರ್ವಾಗಿಲ್ವೇ, ಎಡಗಡೆ ಮೂಲೆ ನೋಡು, ಹದಿನಾರು, ಎಲ್ಲದಕ್ಕೂ ಹದಿನಾಲ್ಕು ಎಂದರೆ ಅವನಿಗೆ ಅನುಮಾನ ಬರುತ್ತದೆ, ಹದಿನಾರಕ್ಕೆ ಕಿಟಕಿ ತೆಗೆದಿಟ್ರೆ ಸಾಕು, ಮೇ ಹೊತ್ತಿಗೆ ಒಣಗತ್ತೆ, ಹ್ಞೂಂ ಒಣಗುತ್ತದೆ ಎನ್ನುತ್ತಾ ಗೋಡೆಗೆ ಅಂಟಿಸಿದ ಹೂವಿನ ಕಾಗದ ಉಬ್ಬಿದ ಜಾಗವನ್ನು ಹೆಬ್ಬೆರಳಿನಿಂದ ಒತ್ತಿದೆ, ಸುಮ್ಮನೆ, ಮೆಲ್ಲಗೆ, ಬೆರಳು ಒಳಗೆ ಹೋಯಿತು, ಬ್ರಾಂದಿಯಲ್ಲಿ ನೆನೆಸಿದ ಕ್ರಿಸ್‌ಮಸ್ ಕೇಕಿನೊಳಗೆ ಹೋದ ಹಾಗೆ, ಉಗುರು ಪೂರ್ತಿ ಮುಳುಗುವ ತನಕ, ತಣ್ಣಗೆ.

ಈ ಮೂಲೆ ನನಗೆ ಗೊತ್ತು, ಹೊರಗಡೆಯಿಂದ ಗೊತ್ತು, ಅಕ್ಟೋಬರಿನಲ್ಲಿ ಏಣಿ ಹತ್ತಿದವಳು ನಾನೇ, ಮಳೆನೀರು ಒಳಗಿಳಿಯದಿರಲಿ ಎಂದು ಹಳೆಯ ಅಂಟು ಕೆರೆದು ತೆಗೆದು ಚಾವಣಿಯ ಅಂಚಿನ ಪಟ್ಟಿಯುದ್ದಕ್ಕೂ ಹೊಸ ಅಂಟು ಎಳೆಯುತ್ತಿದ್ದೆ, ಅವನು ಕೆಳಗೆ ಕುರ್ಚಿಯಲ್ಲಿ ಕುಳಿತು, ಕೇಕ್ ಮೇಲೆ ಕೆನೆ ಎಳೀತಿಯಲ್ಲ, ಹಾಗೇ, ಕೈ ನಡುಗಿಸ್ಬೇಡ, ಇನ್ನೊಂದು ಗೇಣು ಉಳಿದಿತ್ತು, ಒಂದೇ ಗೇಣು, ಅವನಿಗೆ ಕೆಮ್ಮು ಹತ್ತಿತು, ನಿಲ್ಲಲಿಲ್ಲ, ಇಳಿದು ಓಡಿದೆ, ಆಂಬುಲೆನ್ಸ್, ಹನ್ನೊಂದು ದಿನ ಆಸ್ಪತ್ರೆ, ಕಣ್ಣು ಬಿಟ್ಟವನು ಮೊದಲು ಕೇಳಿದ್ದೇನು, ಮೂಲೆ ಮುಗಿಸಿದ್ಯಾ, ಮುಗಿಸಿದೆ ನೋರಿಸ್, ನೀನು ಮಲಗು, ಆಮೇಲೆ ಬಂದು ಮುಗಿಸಬಹುದಿತ್ತು, ನವೆಂಬರಿನಲ್ಲಿ ಎಷ್ಟು ಒಣ ದಿನಗಳಿದ್ದವು, ಕಾರಿನಲ್ಲಿ ಅರ್ಧ ಗಂಟೆ, ಬರಲಿಲ್ಲ, ಯಾಕೆ ಬರಲಿಲ್ಲವೋ, ಏಣಿಯ ನೆನಪಾದರೇ ಆ ಕೆಮ್ಮು ಕೇಳುತ್ತಿತ್ತು.

ನೋರಿಸ್‌ಗೆ ಎರಡು ಚಮಚ ಸಕ್ಕರೆ ಹಾಕಿದೀನಿ, ನಿಮಗೆ ಗೊತ್ತಿಲ್ಲ ಅಂದ್ಕೊಳ್ಳಿ, ಹೆದರ್ ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ, ಈ ಅಂಗಳ, ಕುರಿ, ಚಳಿಗಾಲಕ್ಕೆಂದು ಜನ ಬಿಟ್ಟುಹೋಗುವ ಸಾಲು ಕ್ಯಾರವಾನ್‌ಗಳು ಎಲ್ಲ ಅವಳ ಉಸ್ತುವಾರಿ, ಒಳಗೆ ಒಂದು ಹೆಜ್ಜೆ ಇಟ್ಟವಳೇ ಮೂಗು ಸುಕ್ಕಿಸಿ ದನಿ ತಗ್ಗಿಸಿದಳು, ಅಯ್ಯೋ ಬೆರಿಲ್, ಹೋದ ವರ್ಷ ಆ ಹಸಿರು ಗಾಡಿಗೂ ಹೀಗೇ ಆಗಿತ್ತು, ಮುಂದಿನ ಗೋಡೆ ಪೂರ್ತಿ ಬಿಚ್ಚಬೇಕಾಯ್ತು, ರಿಪೇರಿಯವನ್ನ ಕೇಳ್ತೀನಿ, ಆದ್ರೆ ಆಗಸ್ಟಿಗೆ ಮೊದ್ಲು ಅವನು ಸಿಗಲ್ಲ ನೋಡಿ, ಆಗಸ್ಟ್, ಡಾಕ್ಟರನ್ನು ನಾನು ಕೇಳಿದ್ದೆ, ಮೇ ತಿಂಗಳಲ್ಲಿ ಸ್ಕಾಟ್ಲೆಂಡಿಗೆ ಹೋಗಬಹುದೇ, ಹೋಗಿ ಬನ್ನಿ ಎಂದರು, ಬೇಗ ಹೋಗಿ ಬನ್ನಿ, ಬೇಗ ಎನ್ನುವಾಗ ನನ್ನ ಮುಖ ನೋಡಲಿಲ್ಲ, ಇಪ್ಪತ್ತೆರಡು ಮೇ ತಿಂಗಳು ಅಲ್ಲಿಯ ಕಡಲತೀರದ ಅದೇ ಅರಿಸೇಗ್, ಕ್ಯಾರವಾನ್ ನಿಲ್ಲಿಸಲು ಅದೇ ಜಾಗ, ಈ ಮುಂದಿನ ಕಿಟಕಿಗೆ ಸಮುದ್ರ, ದ್ವೀಪಗಳು, ಹಾಸಿಗೆಯಿಂದ ಏಳದೆಯೇ ಕಾಣುತ್ತವೆ, ಈ ಸಲ ನಾನು ಏಳೋದೇ ಇಲ್ಲ, ನೀನೇ ಚಹಾ ತಂದ್ಕೊಡು, ರಾಜನ ಹಾಗೆ ಮಲಗಿ ನೋಡ್ತೀನಿ, ಚಳಿಗಾಲವೆಲ್ಲ ಇದೊಂದನ್ನೇ ಹೇಳುತ್ತಾ ಕಳೆದಿದ್ದಾನೆ, ನೋರಿಸ್‌ಗೆ ಹೇಳಬೇಡ ಹೆದರ್, ಈಗಲೇ ಬೇಡ, ಎನ್ನುತ್ತಿರುವಾಗಲೇ ಕಾರಿನ ಬಾಗಿಲಿನ ಸದ್ದು.

ಬರುತ್ತಿದ್ದಾನೆ, ಸಿಲಿಂಡರ್ ಗಾಡಿಯನ್ನು ಎಳೆದುಕೊಂಡು, ಕಲ್ಲು ಹಾಸಿನ ಮೇಲೆ ಅದು ಕಟಕಟ ಎನ್ನುತ್ತದೆ, ನಾಲ್ಕು ಹೆಜ್ಜೆ, ನಿಂತ, ನಾಲ್ಕು ಹೆಜ್ಜೆ, ಹೆದರ್ ಓಡಿ ತೋಳು ಹಿಡಿದಳು, ಬಿಡಮ್ಮಾ, ನಿನ್ ಕುರಿ ಮರಿ ಅಲ್ಲ ನಾನು, ಎಂದವನು ತೋಳು ಬಿಡಿಸಿಕೊಳ್ಳಲೂ ಇಲ್ಲ, ಮೆಟ್ಟಿಲಿಗೆ ಕಾಲಿಟ್ಟ, ಮೂಗಿಗೆ ವಾಸನೆ ಬಡಿದಿರಬೇಕು, ಸೀಟಿನ ಅಂಚಿನಲ್ಲಿ ಕುಳಿತು ಉಸಿರು ಹುಡುಕಿಕೊಂಡ, ಆಮೇಲೆ ಬೆರಳ ಗೆಣ್ಣಿನಿಂದ ಗೋಡೆಗೆ ಬಡಿದ, ಟಪ್, ಸದ್ದೇ ಅಲ್ಲ ಅದು, ಹಿಟ್ಟಿನ ಚೀಲಕ್ಕೆ ಬಡಿದ ಹಾಗೆ, ಹದಿನಾಲ್ಕು ಅಂತೀಯಾ ಇದಕ್ಕೆ, ದನಿಯಲ್ಲಿ ಸಿಟ್ಟಿಲ್ಲ, ನೋರಿಸ್, ಅಕ್ಟೋಬರಲ್ಲಿ ನಾನು ಆ ಮೂಲೆನ, ಮಾತಾಡ್ಬೇಡ ಕಣೇ, ಸದ್ದು ಕೇಳಿಸಲ್ಲ, ಜೇಬಿನಿಂದ ಚಪ್ಪಟೆ ಪೆನ್ಸಿಲ್ ತೆಗೆದ, ಕೆಲಸ ಬಿಟ್ಟು ಒಂಬತ್ತು ವರ್ಷ, ಇವತ್ತೂ ಜೇಬಿನಲ್ಲಿ ಪೆನ್ಸಿಲ್, ಕೊಳೆತದ್ದರ ಸುತ್ತ ಗೆರೆ ಹಾಕ್ಬೇಕು, ಗಟ್ಟಿ ಮರ ಸಿಕ್ಕಿದ ಕಡೆ ಗೆರೆ ತಿರುಗಿಸ್ಬೇಕು, ಅಷ್ಟು ಕತ್ತರಿಸಿ ತೆಗೆದ್ರೆ ಆಯ್ತು, ಹೆದರ್‌ಗೆ ಪಾಠ ಹೇಳುವವನ ಹಾಗೆ ಹೇಳಿದ, ಬಡಿಯುತ್ತಾನೆ, ಕಿವಿ ಇಡುತ್ತಾನೆ, ಗೆರೆ ಎಳೆಯುತ್ತಾನೆ, ಕಿಟಕಿಯ ಕೆಳಗೆ, ಟಪ್, ಮೂಲೆ ದಾಟಿ, ಟಪ್, ಎದ್ದು ನಿಂತ, ನಾನು ಸಿಲಿಂಡರ್ ಹಿಡಿದು ಹಿಂದೆ ಹಿಂದೆ, ಕೊಳವೆ ಸಾಲದೆ ಬಿಗಿಯಾಗುತ್ತದೆ, ಮುಂದಿಡು ಬೆರಿಲ್, ಇಟ್ಟೆ, ನಿಲ್ಲಿಸು ಸಾಕು ಎನ್ನಲೇ, ಎಂದರೆ ಕೇಳುವವನೇ, ಹೂವಿನ ಕಾಗದದ ಮೇಲೆ ಬೂದು ಗೆರೆ, ಮೊದಲು ನೇರವಿತ್ತು, ಈಗ ಅವನ ಉಸಿರಿನೊಂದಿಗೆ ಏರಿ ಇಳಿಯುತ್ತದೆ, ಕಪಾಟಿನ ಪಕ್ಕ, ಟಪ್, ಇಲ್ಲಿ ಗಟ್ಟಿ ಇರ್ಬೇಕಿತ್ತಲ್ಲ, ತನಗೇ ಹೇಳಿಕೊಂಡ, ಒಲೆಯ ಹಿಂದೆ, ಟಪ್, ಹೆದರ್ ಬಾಗಿಲಲ್ಲಿ ನೆಲ ನೋಡುತ್ತಾಳೆ, ಅರಿಸೇಗಿಗೆ ಫೋನ್ ಮಾಡ್ಬಿಡೇ, ಗೋಡೆಯ ಕಡೆಗೇ ಮುಖ, ಆ ಜಾಗ ಬೇರೆ ಯಾರಿಗಾದ್ರೂ ಕೊಡ್ಲಿ, ಮಾಡ್ತೀನಿ ನೋರಿಸ್, ಕೈ ಕೆಳಗಿಳಿಸುತ್ತಾನೆ ಎಂದುಕೊಂಡೆ, ಇಳಿಸಲಿಲ್ಲ, ಬಡಿದ, ಕಿವಿ ಇಟ್ಟ, ಟಪ್, ಪೆನ್ಸಿಲಿನ ತುದಿ ಕಾಗದಕ್ಕೆ ತಾಗಿಯೇ ಇದೆ, ಗೆರೆ ಮುಂದೆ ಹೋಗುತ್ತದೆ, ಈಗ ತಿರುಗೀತು, ಇಲ್ಲ, ಇನ್ನೊಂದು ಗೇಣು, ಈಗ, ನಡುಗುತ್ತಾ ಗೆರೆ ಮುಂದೆ, ಬಾಗಿಲ ಕಡೆಗೆ, ತಿರುಗಲಿಲ್ಲ, ಗೆರೆ, ತಿರುಗಲಿಲ್ಲ, ಗೆರೆ —